ಎರಡು ವರ್ಷ ಬಳಸಿದ ಮೇಲೆ: ಒಂದು ಗ್ಯಾಲನ್ ಮೀಡ್ ಕಿಟ್

ಮೀಡ್ ಅಂದರೆ ಜೇನುತುಪ್ಪಕ್ಕೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುದುಗಿಸಿದ ಮದ್ಯ. ಮನೆಯಲ್ಲೇ ಮಾಡಿ ನೋಡೋಣ ಅಂತ ಎರಡು ವರ್ಷದ ಹಿಂದೆ ಒಂದು ಕಿಟ್ ತರಿಸಿದೆ. ಸುಮಾರು 3.8 ಲೀಟರ್ ಹಿಡಿಯುವ ಗಾಜಿನ ಜಾರ್, ರಬ್ಬರ್ ಬಿರಡೆ, ಏರ್‌ಲಾಕ್ (ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ), ಮೆತ್ತನೆ ಕೊಳವೆ, ಹೆಸರೇ ಇಲ್ಲದ ಒಂದು ಪ್ಯಾಕೆಟ್ ಯೀಸ್ಟ್, ಒಂದು ಹಾಳೆ ಸೂಚನೆ. ಇಲ್ಲಿವರೆಗೆ ಒಂಬತ್ತು ಸಲ ಮಾಡಿದ್ದೇನೆ. ಎರಡು ಸಲ ಮೋರಿಗೆ ಹೋಗಿದೆ.

ಆ ಎರಡಕ್ಕೂ ಸೂಚನೆ ಹಾಳೆಯೇ ಕಾರಣ ಅಂತ ನನ್ನ ದೂರು. ಅದರಲ್ಲಿ "ಒಂದು ತಿಂಗಳಲ್ಲಿ ಕುಡಿಯಲು ಸಿದ್ಧ" ಅಂತ ಇತ್ತು. ತಿಂಗಳು ಮುಗಿದ ದಿನವೇ ಕುಡಿದೆ. ಗಂಟಲು ಉರಿಯಿತು, ಥಿನ್ನರ್ ಥರ ವಾಸನೆ. ಬೇಜಾರಾಗಿ ಚೆಲ್ಲಿದೆ. ಒಂದು ಬಾಟಲಿ ಮಾತ್ರ ಅಲಮಾರಿನ ಹಿಂದೆ ಮರೆತುಹೋಗಿತ್ತು. ಎಂಟು ತಿಂಗಳಾದ ಮೇಲೆ ತೆಗೆದರೆ ಅದೇನಾ ಇದು ಅನ್ನಿಸಿತು. ಉರಿ ಬಹುಪಾಲು ಇಳಿದಿತ್ತು, ಜೇನಿನ ಘಮ ಮೇಲೆ ಬಂದಿತ್ತು. ಚೆಲ್ಲಿದ್ದನ್ನು ನೆನೆದು ಹೊಟ್ಟೆ ಉರಿಯಿತು, ಅಷ್ಟೇ.

ಎರಡನೇ ಸಲ ಕೊಳೆತ ಮೊಟ್ಟೆ ವಾಸನೆ. ಜೇನಿನಲ್ಲಿ ಸಕ್ಕರೆ ಬೇಕಾದಷ್ಟಿದೆ, ಆದರೆ ಯೀಸ್ಟಿಗೆ ಬೇಕಾದ ಸಾರಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಸಿದ ಯೀಸ್ಟ್ ಆ ವಾಸನೆ ಬಿಡುತ್ತದೆ. ಹಾಳೆಯಲ್ಲಿ ಈ ಮಾತೇ ಇಲ್ಲ! ಈಗ ಫರ್ಮೇಡ್-ಓ ಎಂಬ ಪೋಷಕಾಂಶದ ಪುಡಿಯನ್ನು ನಾಲ್ಕು ಪಾಲು ಮಾಡಿ ಹಾಕುತ್ತೇನೆ: ಮೊದಲ ಮೂರು ದಿನ ಒಂದೊಂದು, ಸಕ್ಕರೆಯಲ್ಲಿ ಮೂರರಲ್ಲೊಂದು ಭಾಗವನ್ನು ಯೀಸ್ಟ್ ತಿಂದು ಮುಗಿಸಿದಾಗ ಕೊನೆಯದು. ಪುಡಿಯನ್ನು ನೇರವಾಗಿ ಸುರಿಯಬೇಡಿ. ಒಳಗೆ ತುಂಬಿರುವ ಅನಿಲ ಒಮ್ಮೆಲೇ ನೊರೆಯಾಗಿ ಉಕ್ಕುತ್ತದೆ. ನಾನು ಗೋಡೆ ತೊಳೆದಿದ್ದೇನೆ. ಮೊದಲು ಮೆಲ್ಲಗೆ ಕಲಕಿ ಅನಿಲ ಬಿಡಿಸಿ, ಪುಡಿಯನ್ನು ಚೂರು ನೀರಿನಲ್ಲಿ ಕರಗಿಸಿ ಹಾಕಿ.

ಇನ್ನು ಪೆಟ್ಟಿಗೆಯಲ್ಲಿ ಇರಲೇಬೇಕಿದ್ದ, ಆದರೆ ಇರದಿದ್ದ ವಸ್ತು ಹೈಡ್ರೋಮೀಟರ್: ನೀರನ್ನು 1.000 ಎಂದಿಟ್ಟು ದ್ರವದ ಸಾಂದ್ರತೆ ಅಳೆಯುವ, ಆ ಮೂಲಕ ಸಕ್ಕರೆ ಎಷ್ಟು ಉಳಿದಿದೆ ಅಂತ ತಿಳಿಸುವ ಗಾಜಿನ ಸಾಧನ. ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಮುಗಿಯಿತು ಅಂದುಕೊಂಡಿದ್ದೆ. ಮೂರನೇ ಸಲ ಹಾಗೇ ಬಾಟಲಿಗೆ ತುಂಬಿದೆ. ಒಂದು ರಾತ್ರಿ ಅಲಮಾರಿನೊಳಗೆ ಢಮಾರ್! ಯೀಸ್ಟ್ ಸುಮ್ನೆ ಆಕಳಿಸುತ್ತಾ ಕೂತಿತ್ತು, ಸತ್ತಿರಲಿಲ್ಲ; ಉಳಿದ ಸಕ್ಕರೆ ತಿಂದು ಬಾಟಲಿಯೊಳಗೆ ಅನಿಲ ತುಂಬಿಸಿತ್ತು. ಬಾಟಲಿ ಒಡೆದಾಗ ಹತ್ತಿರ ಯಾರೂ ಇರಲಿಲ್ಲ, ಪುಣ್ಯ. ಮರುದಿನವೇ ಹೈಡ್ರೋಮೀಟರ್ ತರಿಸಿದೆ. ಒಂದು ಗ್ಯಾಲನ್‌ಗೆ ಸುಮಾರು 1.3 ಕೆಜಿ ಜೇನು ಹಾಕಿದರೆ ಶುರುವಿನ ಅಳತೆ 1.100ರ ಹತ್ತಿರ ಬರುತ್ತದೆ. ಕೊನೆಗೆ 1.000ಕ್ಕೆ ಇಳಿದರೆ, ವ್ಯತ್ಯಾಸವನ್ನು 131.25ರಿಂದ ಗುಣಿಸಿ: ಸುಮಾರು 13% ಆಲ್ಕೋಹಾಲ್. ಎರಡು ವಾರದ ಅಂತರದಲ್ಲಿ ಅಳತೆ ಒಂದೇ ಇದ್ದರೆ, ಮೀಡ್ ತಿಳಿಯೂ ಆಗಿದ್ದರೆ ಮಾತ್ರ ಬಾಟಲಿಗೆ ತುಂಬುತ್ತೇನೆ. ಸಿಹಿ ಬೇಕೆಂದರೆ, ಜೇನು ಸೇರಿಸುವ ಮೊದಲು ಯೀಸ್ಟ್ ಮತ್ತೆ ಹುದುಗಿಸದಂತೆ ತಡೆಯುವ ಪೊಟ್ಯಾಸಿಯಂ ಸಾರ್ಬೇಟ್ ಮತ್ತು ಮೆಟಾಬೈಸಲ್ಫೈಟ್ ಎರಡನ್ನೂ ಹಾಕಬೇಕು, ಇಲ್ಲದಿದ್ದರೆ ಅದೇ ಢಮಾರ್. ಅಂದಹಾಗೆ ಹೈಡ್ರೋಮೀಟರಿನ ಗಾಜು ತುಂಬ ತೆಳು. ನನ್ನ ಮೊದಲನೆಯದು ಮೇಜಿನಿಂದ ಉರುಳಿಯೇ ಹೋಯಿತು.

ಯೀಸ್ಟ್ ವಿಷಯ. ಲಾಲ್ವಿನ್ ಬ್ರ್ಯಾಂಡಿನ ಡಿ47 ಎಂಬ ತಳಿ ತಂಪಿನಲ್ಲಿ ಚೆನ್ನ. 20 ಡಿಗ್ರಿ ದಾಟಿದರೆ ಗಂಟಲು ಉರಿಸುವ ಗುಣ ಬರುತ್ತದೆ. ನನ್ನ ಕೋಣೆ ಅದಕ್ಕಿಂತ ಬಿಸಿ. ಹಾಗಾಗಿ 71ಬಿ ತಳಿಗೆ ಬಂದೆ, ಅಲ್ಲೇ ಉಳಿದೆ. ಇಸಿ-1118 ತಳಿ 18% ಆಲ್ಕೋಹಾಲ್‌ವರೆಗೂ ತಡೆದುಕೊಳ್ಳುತ್ತದೆ, ಆದರೆ ಸಿಹಿಯನ್ನೆಲ್ಲ ನೆಕ್ಕಿ ಬರೀ ಒಣ ರುಚಿ ಉಳಿಸಿತು. ನನಗೆ ಹಿಡಿಸಲಿಲ್ಲ. ಜೇನನ್ನು ಕುದಿಸುವುದನ್ನೂ ಬಿಟ್ಟೆ. ಕುದಿಸಿದರೆ ಘಮವೇ ಹಾರಿಹೋಗುತ್ತದೆ, ಮತ್ತೆ ಮೀಡ್ ಯಾಕೆ ಮಾಡಬೇಕು ಅಲ್ವಾ?

ಸಾಮಾನಿನ ಬಾಳಿಕೆ ಬಗ್ಗೆ ತಕರಾರು ಕಡಿಮೆ. ಜಾರ್‌ಗೆ ಗೀಟೂ ಬಿದ್ದಿಲ್ಲ, ಏರ್‌ಲಾಕ್ ಹಾಗೇ ಇದೆ. ಕೊಳವೆ ಮಂಕಾಗಿ ವಾಸನೆ ಹಿಡಿಯಿತು, ಬದಲಿಸಿದೆ. ಜಾರ್‌ನ ಬಾಯಿ ಕಿರಿದು, ಹಣ್ಣು ಹಾಕಲು ಆಗಲ್ಲ, ನೊರೆಗೂ ಜಾಗ ಸಾಲದು. ಅದಕ್ಕೆ ಮೊದಲ ಮೂರು ವಾರ ಆಹಾರಕ್ಕೆ ಬಳಸುವಂಥ ಅಗಲ ಬಾಯಿಯ ಬಕೆಟ್‌ನಲ್ಲಿಟ್ಟು, ಆಮೇಲೆ ಗಸಿ ತಳದಲ್ಲೇ ಬಿಟ್ಟು ಮೇಲಿನ ತಿಳಿಯನ್ನು ಕೊಳವೆಯಿಂದ ಜಾರ್‌ಗೆ ಇಳಿಸುತ್ತೇನೆ. ಜಾರ್ ಕತ್ತಿನವರೆಗೂ ತುಂಬಿರಬೇಕು, ಗಾಳಿ ತಗುಲಿದರೆ ರುಚಿ ಕೆಡುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಗಾಜಿಗೆ. ಈ ಕಿಟ್ಟನ್ನೇ ಮತ್ತೆ ಕೊಳ್ಳಲ್ಲ. ಕೊಂಡರೆ ಒಂದು ಹೈಡ್ರೋಮೀಟರ್ ಮತ್ತು ಎರಡು ಖಾಲಿ ಜಾರ್. ಒಂದೇ ಜಾರ್ ಇದ್ದಾಗ ದಿನಾ ಮುಚ್ಚಳ ತೆಗೆದು ರುಚಿ ನೋಡುತ್ತಿದ್ದೆ. ಎರಡನೆಯದು ಬಂದ ಮೇಲೆ ಹೊಸದರ ಗಡಿಬಿಡಿಯಲ್ಲಿ ಹಳೆಯದನ್ನು ಮುಟ್ಟಲೂ ಪುರುಸೊತ್ತಿಲ್ಲ.