ದ್ರಾಕ್ಷಿ ಮಾರಾಟಕ್ಕೆ ದಲ್ಲಾಳಿಯೋ, ಸಹಕಾರ ಸಂಘವೋ?

ಪುಣೆ ಜಿಲ್ಲೆಯಲ್ಲಿ ಎರಡು-ಮೂರು ಎಕರೆ ದ್ರಾಕ್ಷಿ ಬೆಳೆಯುವ ನಮ್ಮ ಕನ್ನಡಿಗರು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ದಲ್ಲಾಳಿಯನ್ನು ನೆಚ್ಚಬೇಕೇ, ಬೆಳೆಗಾರರ ಸಹಕಾರ ಸಂಘ ಸೇರಬೇಕೇ ಎಂಬುದನ್ನು ಆ ದಿನದ ಕಿಲೋ ದರವೊಂದರಿಂದಲೇ ನಿರ್ಧರಿಸಲಾಗದು. ದಲ್ಲಾಳಿಯಿಂದ ಹಣ ಬೇಗ ಕೈಸೇರುತ್ತದೆ, ಮುಂಗಡವೂ ಸಿಗುತ್ತದೆ. ಆದರೆ ಮುಂಗಡ ಪಡೆದವರಿಗೆ ಬೇರೆಡೆ ಮಾರುವ ಸ್ವಾತಂತ್ರ್ಯ ಉಳಿಯುವುದು ಕಷ್ಟ, ಆವಕ ಹೆಚ್ಚಿ ದರ ಕುಸಿದರೆ ನಷ್ಟವೆಲ್ಲ ಬೆಳೆಗಾರರದೇ.

ಸಂಘದ ಲಾಭ ಬೇರೆ ಬಗೆಯದು. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘಗಳು ಕೂಡಿ 1991ರಲ್ಲಿ ಪುಣೆಯಲ್ಲಿ ಕಟ್ಟಿದ ಮಹಾಗ್ರೇಪ್ಸ್, ಸಣ್ಣ ಹಿಡುವಳಿದಾರರಿಗೆ ಒಬ್ಬೊಬ್ಬರಾಗಿ ಎಟುಕದ ಶೈತ್ಯಾಗಾರ, ತಾಂತ್ರಿಕ ಸಲಹೆ ಮತ್ತು ಯುರೋಪಿನ ಖರೀದಿದಾರರ ಸಂಪರ್ಕವನ್ನು ಸಾಮೂಹಿಕವಾಗಿ ಒದಗಿಸಿ, ಸದಸ್ಯರಿಗೆ ಸ್ಥಳೀಯ ಪೇಟೆಗಿಂತ ಮೇಲಾದ ಆದಾಯ ದೊರಕಿಸಿತು. ಆರಂಭದಲ್ಲಿ ಅದರ ಸರಕೂ ಗುಣಮಟ್ಟದ ಕಾರಣಕ್ಕೆ ವಿದೇಶದಲ್ಲಿ ತಿರಸ್ಕೃತವಾಗಿತ್ತು ಎಂಬುದು ಗಮನಾರ್ಹ. ಕೀಟನಾಶಕದ ಉಳಿಕೆ, ಹಣ್ಣಿನ ಗಾತ್ರ, ಸಿಂಪರಣೆಯ ದಾಖಲೆ ಇವುಗಳಲ್ಲಿ ಶಿಸ್ತು ಬೇಕು, ಹಣಕ್ಕೂ ಕಾಯಬೇಕು.

ಮನೆಖರ್ಚಿಗೆ ಕೊಯ್ಲಿನ ಹಣವೊಂದೇ ಆಧಾರವಾಗಿರುವವರು ಮೊದಲ ವರ್ಷ ಉತ್ತಮ ದರ್ಜೆಯ ಹಣ್ಣನ್ನಷ್ಟೇ ಸಂಘಕ್ಕೆ ಕೊಟ್ಟು, ಉಳಿದದ್ದನ್ನು ಯಾರ್ಡಿಗೆ ಕಳಿಸುವುದು ಸೂಕ್ತವೆಂದು ನನ್ನ ಖಚಿತ ಅಭಿಪ್ರಾಯ. ಷೇರು ಕೊಳ್ಳುವ ಮುನ್ನ ಸಂಘದ ಲೆಕ್ಕಪರಿಶೋಧನಾ ವರದಿಯನ್ನು ತಪ್ಪದೆ ಓದಬೇಕು.