ಹಾಲು ಸಾಕಾ, ಮೊಟ್ಟೆಯೂ ಬೇಕಾ, ಎರಡೂ ಬೇಡವಾ?

ಮಾಂಸ ಬಿಡಬೇಕು ಅಂತ ಹೊರಟವರ ಮುಂದೆ ಮೂರು ದಾರಿಗಳಿವೆ: ಹಾಲು ಮಾತ್ರ, ಹಾಲಿನ ಜೊತೆ ಮೊಟ್ಟೆ, ಅಥವಾ ಹಾಲು, ಮೊಟ್ಟೆ ಎರಡೂ ಇಲ್ಲದ ಪೂರ್ತಿ ಸಸ್ಯಾಹಾರ. ಎಲ್ಲರೂ ಮೊದಲು ಕೇಳುವುದು ಪ್ರೋಟೀನ್ ಬಗ್ಗೆ. ನಿಜವಾಗಿ ಅದು ಅಷ್ಟು ಕಷ್ಟದ್ದಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದ್ದರೆ, ಬೇಯಿಸಿದ ಬೇಳೆ 100 ಗ್ರಾಂನಲ್ಲಿ ಸುಮಾರು 9 ಗ್ರಾಂ ಇರುತ್ತದೆ.

ವ್ಯತ್ಯಾಸ ಕಾಣುವುದು ಬಿ12 ವಿಟಮಿನ್‌ನಲ್ಲಿ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಸುಮಾರು 2.4 ಮೈಕ್ರೋಗ್ರಾಂ. ದಿನಾ ಎರಡು ದೊಡ್ಡ ಲೋಟ ಹಾಲು ಕುಡಿದರೆ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಮೊಟ್ಟೆಯಿಂದ ಸಿಗುವುದು ಸ್ವಲ್ಪವೇ, ಒಂದಕ್ಕೆ ಸುಮಾರು ಅರ್ಧ ಮೈಕ್ರೋಗ್ರಾಂ. ಹಾಲನ್ನೂ ಬಿಟ್ಟವರಿಗೆ ಮಾತ್ರೆ ಅಥವಾ ಬಿ12 ಬೆರೆಸಿದ ಆಹಾರ ಬೇಕೇ ಬೇಕು. ಸೊಪ್ಪು ತಿಂತೀನಲ್ಲಾ ಅಂತ ಸುಮ್ನೆ ಇರಬೇಡಿ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆ ಗೊತ್ತಾಗಲು ವರ್ಷಗಳೇ ಹಿಡಿಯಬಹುದು. ಮೋಸ ಆಗೋದು ಅಲ್ಲೇ.

ಕ್ಯಾಲ್ಸಿಯಂಗೆ ಹಾಲಿನ ದಾರಿ ಸುಲಭ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ದೇಹಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಹಾಲು ಬೇಡ ಅನ್ನುವವರು ಎಳ್ಳು, ಕ್ಯಾಲ್ಸಿಯಂ ಹಾಕಿ ಮಾಡಿದ ತೋಫು (ಸೋಯಾ ಪನೀರ್) ನೋಡಿಕೊಳ್ಳಲಿ.

ಕಬ್ಬಿಣದ ವಿಷಯದಲ್ಲಿ ಮಾತ್ರ ಮೂವರೂ ಒಂದೇ ದೋಣಿಯಲ್ಲಿದ್ದಾರೆ. ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಸೇರಲು ಅದರ ಮೇಲೆ ನಿಂಬೆರಸ ಹಿಂಡಿ, ಅದನ್ನು ತಡೆಯುವ ಟೀ ಕಾಫಿ ಊಟದ ಜೊತೆಗೇ ಬೇಡ.

ಹೊಸಬರಿಗೆ ನನ್ನ ಓಟು ಹಾಲು-ಮೊಟ್ಟೆಗೆ. ಪೂರ್ತಿ ಸಸ್ಯಾಹಾರವೂ ಆಗುತ್ತದೆ, ಬಿ12 ಮಾತ್ರೆ ಮರೆಯದಿದ್ದರೆ. ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಲಿ.