ಸೂಯಿಸೈಡ್: ಗಿಟಾರ್ ಇಲ್ಲದ ಪಂಕ್

ನ್ಯೂಯಾರ್ಕಿನ ಅಲನ್ ವೇಗಾ ಮತ್ತು ಮಾರ್ಟಿನ್ ರೆವ್ ಕಟ್ಟಿದ 'ಸೂಯಿಸೈಡ್' ಎಂಬ ಪಂಕ್ (ಒರಟು, ಬಂಡಾಯದ ರಾಕ್) ಸಂಗೀತ ಜೋಡಿಯ 1977ರ ಮೊದಲ ಆಲ್ಬಮ್‌ನಲ್ಲಿ ಗಿಟಾರೂ ಇಲ್ಲ, ಡ್ರಮ್ಸ್ ಬಾರಿಸುವವರೂ ಇಲ್ಲ. ವಿದ್ಯುತ್ ಆರ್ಗನ್, ಒಂದೇ ಸಮನೆ ಬಡಿಯುವ ತಾಳಯಂತ್ರ ಮತ್ತು ಪಿಸುಮಾತಿನಿಂದ ಚೀತ್ಕಾರಕ್ಕೆ ಜಿಗಿಯುವ ವೇಗಾನ ಕಂಠ, ಇಷ್ಟರಲ್ಲೇ ಒಂದು ಲೋಕ ಮೈದಳೆಯುತ್ತದೆ.

ಹತ್ತು ನಿಮಿಷ ಮೀರುವ 'ಫ್ರಾಂಕಿ ಟಿಯರ್‌ಡ್ರಾಪ್' ಈ ಆಲ್ಬಮ್‌ನ ಹೃದಯ. ಕಾರ್ಖಾನೆಯಲ್ಲಿ ದುಡಿದೂ ಸಂಸಾರ ಸಾಗಿಸಲಾಗದ ಇಪ್ಪತ್ತರ ಯುವಕನೊಬ್ಬ ಹೆಂಡತಿ, ಹಸುಗೂಸನ್ನು ಕೊಂದು ತಾನೂ ಸಾಯುವ ಕಥೆಯನ್ನು ವೇಗಾ ಏದುಸಿರಿನಲ್ಲಿ ಹೇಳುತ್ತಾ ಹೋಗಿ, ಹಠಾತ್ತನೆ ಕಿರುಚಿದಾಗ, ಹಿಂದಿನ ಯಂತ್ರದ ಗುಂಯ್‌ಗುಡುವಿಕೆ ಮಾತ್ರ ಕಿಂಚಿತ್ತೂ ಕದಲುವುದಿಲ್ಲ. ಆ ನಿರ್ಲಿಪ್ತತೆಯೇ ನನ್ನನ್ನು ಹೆಚ್ಚು ನಡುಗಿಸಿತು. ರಾತ್ರಿ ಒಬ್ಬರೇ ಕೇಳಬೇಡಿರೆಂದು ಮನಃಪೂರ್ವಕವಾಗಿ ಹೇಳುತ್ತೇನೆ. ಇದೇ ಆಲ್ಬಮ್‌ನ 'ಶೆರೀ'ಯಾದರೋ ಜೋಗುಳದಷ್ಟು ಮೃದು.

'ದಿ ಕಾರ್ಸ್' ರಾಕ್ ತಂಡದ ಗಾಯಕ ರಿಕ್ ಒಕಾಸೆಕ್ ನಿರ್ಮಿಸಿದ 1980ರ ಎರಡನೆಯ ಆಲ್ಬಮ್ ಹೆಚ್ಚು ನಯವಾಗಿದೆ. ನನಗೆ ಮೊದಲಿನದರ ಒರಟುತನವೇ ಪ್ರಿಯ.

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ 'ನೆಬ್ರಾಸ್ಕಾ' ಆಲ್ಬಮ್‌ನ 'ಸ್ಟೇಟ್ ಟ್ರೂಪರ್' ಹಾಡಿನಲ್ಲಿ ಹಾಕುವ ಕೂಗಿನ ಮೂಲ 'ಫ್ರಾಂಕಿ ಟಿಯರ್‌ಡ್ರಾಪ್'ನಲ್ಲಿದೆ. ಈ ಜೋಡಿಯ 'ಡ್ರೀಮ್ ಬೇಬಿ ಡ್ರೀಮ್' ಹಾಡನ್ನಂತೂ ಅವರು 2014ರಲ್ಲಿ ತಮ್ಮದೇ ಆಲ್ಬಮ್‌ಗೆ ಸೇರಿಸಿಕೊಂಡರು. ಕೊಳ್ಳುವವರು 1977ರದನ್ನೇ ಮೊದಲು ಕೊಳ್ಳಲಿ.